ರುದ್ರಪ್ಪನವರ ನಿಧಾನವೂ ನನ್ನ ಕತ್ತೂ

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಬೀದಿಯಲ್ಲಿ ನನ್ನಷ್ಟು ಆರೋಗ್ಯವಂತ ಇನ್ನೊಬ್ಬನಿಲ್ಲ ಎಂದೇ ನಾನು ನಂಬಿದ್ದೆ. ವಯಸ್ಸು ನಲವತ್ತಮೂರು. ಒಂದೇ ಒಂದು ಸಣ್ಣ ತೊಂದರೆ. ಆಫೀಸಿನಲ್ಲಿ ಸಾಹೇಬರು ಕರೆದರೆ ಕೈ ನಡುಗುತ್ತಿತ್ತು. ಮನೆಯಲ್ಲಿ ಕುಕ್ಕರ್ ಕೂಗಿದರೆ ನಾನೂ ಕೂಗುತ್ತಿದ್ದೆ.

"ನರಗಳು ಬಿಗಿಯಾಗಿವೆ. ದಿನಾ ನಿಧಾನವಾಗಿ ಮೈಕೈ ಆಡಿಸಿ, ಸಮಾಧಾನ ಆಗುತ್ತೆ," ಎಂದರು ಡಾಕ್ಟರು.

"ಪಕ್ಕದ ಮನೆ ರುದ್ರಪ್ಪನವರನ್ನ ನೋಡಿ ಕಲೀರಿ," ಎಂದಳು ಹೆಂಡತಿ ಶಾರದ.

ಹೊಟ್ಟೆಯಲ್ಲಿ ಬೆಂಕಿ ಬಿತ್ತು! ರುದ್ರಪ್ಪನವರು ದಾವಣಗೆರೆಯಿಂದ ಬಂದಿದ್ದ ನಿವೃತ್ತ ಮೇಷ್ಟ್ರು, ಎಪ್ಪತ್ತೆರಡು ದಾಟಿದವರು. ಬೆಳಿಗ್ಗೆ ತಾರಸಿಯ ಮೇಲೆ ನಿಂತು ಮೆಲ್ಲಗೆ ಮೈ ತೂಗುತ್ತಿದ್ದರು. ಅವರ ಒಂದು ಕೈ ಮೇಲೇರುವಷ್ಟರಲ್ಲಿ ನನ್ನ ಕಾಫಿ ಮುಗಿಯುತ್ತಿತ್ತು. ಹಾಲು ತಡವಾದರೂ ನಗು, ನಲ್ಲಿ ನಿಂತರೂ ನಗು. ಅವರಿಗೆ ಶಾರದ ಕೇಸರಿಬಾತ್ ಕೊಟ್ಟುಬಂದ ದಿನ ನನಗೆ ಬರೀ ಉಪ್ಪಿಟ್ಟು!

ಮರುದಿನವೇ ನಮ್ಮ ತಾರಸಿ ಹತ್ತಿದೆ. ಅವರು ಒಂದು ಸಲ ಬಾಗುವಷ್ಟರಲ್ಲಿ ನಾನು ಇಪ್ಪತ್ತು ಸಲ ಬಾಗಿದೆ. ಅವರು ಮೆಲ್ಲಗೆ ಕತ್ತು ತಿರುಗಿಸಿದರು. ನಾನು ಗಿರ್ರನೆ ತಿರುಗಿಸಿದೆ.

ಕಟಕ್!

ಕತ್ತು ಅಲ್ಲೇ ನಿಂತಿತು. ಗಾಬರಿಯಲ್ಲಿ ಹೆಜ್ಜೆ ತಪ್ಪಿ, ಒಣಹಾಕಿದ್ದ ಶಾರದಳ ಒದ್ದೆ ಸೀರೆಗೆ ಸಿಕ್ಕಿ, ಹಗ್ಗದ ಸಮೇತ ಕುಸಿದೆ. ಸದ್ದು ಕೇಳಿ ಅವಳು ಓಡಿಬಂದಳು.

"ಅಯ್ಯೋ, ಏನ್ರೀ ಇದು! ಇಲ್ಲಿ ನೋಡ್ರೀ!"

"ಆಗ್ತಾ ಇಲ್ಲ ಕಣೇ!"

ವಿಧಿಯ ಏರ್ಪಾಡು ನೋಡಿ: ನನ್ನ ಮುಖ ಭದ್ರವಾಗಿ ರುದ್ರಪ್ಪನವರ ಮನೆಯ ಕಡೆಗೇ ತಿರುಗಿ ನಿಂತಿತ್ತು.

ಅವರೇ ಬಂದು ಸೀರೆ ಬಿಡಿಸಿದರು. "ಕುತ್ತಿಗಿ ಮುಟ್ಟಬ್ಯಾಡ್ರಿ. ಭುಜ ಸಡಿಲ ಬಿಡ್ರಿ. ಕೂಸು ತೂಗಿದಂಗ ಮೈ ತೂಗ್ರಿ, ಸಾವಕಾಶ."

ತೂಗಿದೆ. ಸ್ವಲ್ಪ ಹೊತ್ತಿಗೆ ಎದೆಬಡಿತ ಇಳಿಯಿತು. ಉಸಿರು ಹದಕ್ಕೆ ಬಂತು. ಕತ್ತು ಮಾತ್ರ ಜಗ್ಗಲಿಲ್ಲ.

"ನಿಮಗೇನು ಸಾರ್, ಹುಟ್ಟಿದಾಗಿಂದ್ಲೂ ಸಮಾಧಾನ," ಎಂದು ಗೊಣಗಿದೆ.

"ಎಲ್ಲಿಂದ ಬರಬೇಕ್ರಿ? ಮನಿಯಾಕಿ ತೀರಿಕೊಂಡ ಮ್ಯಾಲ ಕೈ ಎಷ್ಟು ನಡುಗ್ತಿತ್ತು ಅಂದ್ರ, ಚಾದ ಕಪ್ಪು ಹಿಡಿಯಾಕ ಆಗ್ತಿರಲಿಲ್ಲ. ಅರವತ್ತೆಂಟಕ್ಕ ಇದನ್ನ ಶುರು ಮಾಡೀನಿ."

ನಾಚಿಕೆಯಾಯಿತು. ತಲೆ ತಗ್ಗಿಸೋಣವೆಂದರೆ ಅದಕ್ಕೂ ಕತ್ತು ಒಪ್ಪಲಿಲ್ಲ.

ವಾರದ ಮೇಲೆ ಕತ್ತು ಸರಿಹೋಯಿತು. ನಾನು ಅವರ ತಾರಸಿಗೇ ಹೋಗಿ ಕಲಿಯತೊಡಗಿದೆ. ಎರಡು ತಿಂಗಳಲ್ಲಿ ಕೈ ನಡುಕವೂ ಹೋಯಿತು, ರುದ್ರಪ್ಪನವರ ಮೇಲಿನ ಹೊಟ್ಟೆಕಿಚ್ಚೂ ಆರಿತು. ನಾನೀಗ ದ್ವೇಷಾಸೂಯೆಗಳನ್ನು ಮೀರಿದ ಮನುಷ್ಯ ಎಂದುಕೊಳ್ಳುವಷ್ಟರಲ್ಲಿ ಎದುರುಮನೆಯ ಎಂಬತ್ತರ ಅಜ್ಜಿ ನಮ್ಮ ಜೊತೆ ಸೇರಿದರು. ಮೊದಲ ದಿನವೇ ಮೇಷ್ಟ್ರು ಅವರಿಗೆ "ಭೇಷ್!" ಎಂದರು.

ನನಗೆ ಅಲ್ಲಿಯವರೆಗೆ ಒಂದು ದಿನವೂ ಅಂದಿರಲಿಲ್ಲ!