ಬೆಕ್ಕಿನ ಹೆಸರಿಗೆ ಬಿಟ್ಟ ತೆಂಗಿನಮರ

ಆ ಸಂಜೆ ಮೂಡುಬಿದಿರೆಯ ನಮ್ಮ ಮನೆಯ ಜಗಲಿಯಲ್ಲಿ ಇದ್ದವರು ಇಷ್ಟು ಮಂದಿ. ಶಾಲೆಯಿಂದ ಬಂದು, ಅಂಗಿ ಕಳಚಿ, ಹೆಗಲ ಮೇಲಿನ ಬೈರಾಸಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದ ನಾನು. ಬಸಳೆಯ ದಂಟು ಮುರಿಯುತ್ತಿದ್ದ ನನ್ನ ಹೆಂಡತಿ ಗಿರಿಜ. ಮೇಲೆ ಬನ್ನಿ ಎಂದರೂ ಬಾರದೆ ಮೆಟ್ಟಿಲಿನಲ್ಲೇ ಕುಳಿತಿದ್ದ ಪಕ್ಕದ ಮನೆಯ ಕಮಲಕ್ಕ. ಮತ್ತೆ ಕಮಲಕ್ಕನ ಸೆರಗು ಇರುವುದೇ ತಾವು ಮಲಗಲಿಕ್ಕೆ ಎಂದು ತಿಳಿದಿದ್ದ ಅವರ ಎರಡು ಬೆಕ್ಕುಗಳು, ಬೊಳ್ಳಿ ಮತ್ತು ರಾಯ. ಮಂದಿಯ ಲೆಕ್ಕದಲ್ಲಿ ಬೆಕ್ಕುಗಳನ್ನು ಸೇರಿಸುವುದುಂಟೇ ಎಂದು ನೀವು ಕೇಳಬಹುದು. ಆ ಸಂಜೆ ನಡೆದ ಮಾತೆಲ್ಲ ಅವುಗಳದ್ದೇ. ಬೇಕಾದರೆ ನಮ್ಮನ್ನು ಲೆಕ್ಕದಿಂದ ಬಿಡಬಹುದು.

“ಮಾಸ್ಟ್ರೇ, ಬೆಕ್ಕಿಗೆ ಇನ್ಶೂರು ಮಾಡ್ಲಿಕ್ಕೆ ಆಗ್ತದಾ?” ಎಂದು ಕೇಳಿದರು ಕಮಲಕ್ಕ.

ವಿಮೆಯ ಏಜೆಂಟನಾದವನಿಗೆ ಈ ಲೋಕದಲ್ಲಿ ಒಂದು ಶಾಪವುಂಟು. ಎದುರಿಗೆ ಸಿಕ್ಕವರು ಗಟ್ಟಿಮುಟ್ಟಾಗಿದ್ದರೆ ಅವನಿಗಾಗುವಷ್ಟು ಸಂತೋಷ ಹೆತ್ತ ತಾಯಿಗೂ ಆಗಲಿಕ್ಕಿಲ್ಲ. ಆದರೆ ಆ ಸಂತೋಷವನ್ನು ಅವನು ಅವರ ಸಾವಿನ ಮಾತೆತ್ತಿಯೇ ತೋರಿಸಬೇಕು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಮೇಷ್ಟರಾದವರು ಇಂಥ ಏಜೆನ್ಸಿ ಇಟ್ಟುಕೊಳ್ಳುವಂತಿರಲಿಲ್ಲ. ಆದ್ದರಿಂದ ಮೇಷ್ಟರ ಹೆಂಡಂದಿರು ಇಟ್ಟುಕೊಳ್ಳುತ್ತಿದ್ದರು. ನಮ್ಮ ಗಿರಿಜ ಬಂಟ್ವಾಳದ ವಿಮೆ ಕಚೇರಿಯ ಮೆಟ್ಟಿಲನ್ನೂ ಕಂಡವಳಲ್ಲ, ಆದರೂ ಅಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಕೊಡೆ ಹಿಡಿದು ಊರೂರು ತಿರುಗುವ ಕೆಲಸ ಮಾತ್ರ ನನ್ನದು. ಪುತ್ತಿಗೆಯ ಕಡೆಗೆ ಹೋದರೆ ನನ್ನ ಕೊಡೆಯನ್ನು ದೂರದಿಂದ ಕಂಡೇ ಗಂಡಸರು ಒಳಗೆ ಸೇರುತ್ತಿದ್ದರು. ಹೆಂಗಸರು ಹೊರಗೆ ಬಂದು, “ಅವರು ಬೆಳ್ತಂಗಡಿಗೆ ಹೋಗಿದ್ದಾರೆ” ಎನ್ನುತ್ತಿದ್ದರು. ಬೆಳ್ತಂಗಡಿಗೆ ಹೋದ ಮನುಷ್ಯ ಒಳಗಿನಿಂದ ಕೆಮ್ಮಿದ್ದೂ ಉಂಟು. ಹೀಗೆ ಬೇಡ ಬೇಡ ಎನ್ನುವವರ ಹಿಂದೆ ಓಡಿ ಸವೆದ ನನ್ನ ಜೀವನದಲ್ಲಿ, ತಾನಾಗಿಯೇ ಮೆಟ್ಟಿಲಿಗೆ ಬಂದು ಕುಳಿತು ವಿಮೆ ಬೇಕು ಎಂದವರು ಕಮಲಕ್ಕ ಒಬ್ಬರೇ. ಅದೂ ಬೆಕ್ಕಿಗೆ!

ನಾನು ನಗಬೇಕೆಂದು ಬಾಯಿ ತೆರೆದೆ. ಗಿರಿಜ ಬಸಳೆಯ ದಂಟಿನಿಂದಲೇ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಆಮೇಲೆ ಗೊತ್ತಾಯಿತು, ಕಮಲಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ, ಮಂಗಳೂರಿನ ಆಸ್ಪತ್ರೆಯಲ್ಲಿ ಕೊಯ್ದು ತೆಗೆಯಬೇಕೆಂದು ಡಾಕ್ಟರು ಹೇಳಿದ್ದಾರೆ. ಆ ಕಾಲದಲ್ಲಿ ಹೊಟ್ಟೆ ಕೊಯ್ಯಿಸಲು ಮಂಗಳೂರಿಗೆ ಹೋಗುವವರು ಮನೆಯವರಿಗೆಲ್ಲ ಹೇಳಿಯೇ ಹೋಗುತ್ತಿದ್ದರು. ಹಾಗೆ ಹೇಳಿದ್ದರಲ್ಲಿ ‘ಬರುತ್ತೇನೆ’ ಎಂಬ ಮಾತು ಮಾತ್ರ ಸ್ವಲ್ಪ ಸಣ್ಣಗೆ ಕೇಳಿಸುತ್ತಿತ್ತು.

ಕಮಲಕ್ಕ ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ತಮ್ಮನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ತಮ್ಮನ ಹೆಂಡತಿ ಸುನಂದಮ್ಮ ಕೆಟ್ಟವರಲ್ಲ, ಬೆಕ್ಕುಗಳನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಹಾಲಿನ ಪಾತ್ರೆಯ ಮುಚ್ಚಳ ಜಾರಿದಾಗಲೆಲ್ಲ ಅವರ ಕೂಗು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು: “ಇವನ್ನು ಒಂದು ದಿನ ಗೋಣಿಗೆ ತುಂಬಿಸಿ ಬೆಳ್ತಂಗಡಿ ಬಸ್ಸಿಗೆ ಹಾಕಿ ಹೊಳೆ ದಾಟಿಸದಿದ್ದರೆ ನಾನು ಸುನಂದ ಅಲ್ಲ!” ಹೊಳೆ ದಾಟಿದ ಬೆಕ್ಕಿಗೆ ದಾರಿ ಮರೆಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ.

“ನಾನು ಸತ್ತರೆ ಸಾಯ್ತೇನೆ ಮಾಸ್ಟ್ರೇ. ನನ್ನದೇನುಂಟು, ಹೊತ್ತುಕೊಂಡು ಹೋಗ್ಲಿಕ್ಕೆ ನಾಲ್ಕು ಜನ ಬರ್ತಾರೆ,” ಎಂದರು ಕಮಲಕ್ಕ. “ಆದರೆ ಇವುಗಳನ್ನು ಗೋಣಿಯಲ್ಲಿ ಕಟ್ಟಿದರೆ? ಆ ಬೊಳ್ಳಿಗೆ ಕತ್ತಲೆ ಅಂದರೆ ಹೆದರಿಕೆ.”

ಬೆಕ್ಕಿಗೆ ಕತ್ತಲೆಯೆಂದರೆ ಹೆದರಿಕೆ ಎಂಬುದನ್ನು ಆ ದಿನವೇ ಮೊದಲು ಕೇಳಿದೆ. ಆದರೆ ಕಮಲಕ್ಕನ ಕಣ್ಣು ನೋಡಿದ ಮೇಲೆ ಅದು ಇರಲೂಬಹುದು ಅನ್ನಿಸಿತು. ಬೆಕ್ಕುಗಳನ್ನು ನಾವೇ ಇಟ್ಟುಕೊಳ್ಳಬಹುದಿತ್ತು. ಆದರೆ ಬೆಕ್ಕಿನ ಕೂದಲು ಮೂಗಿಗೆ ಹೋದರೆ ಗಿರಿಜೆಗೆ ದಮ್ಮು ಏಳುತ್ತಿತ್ತು. ಆಗಲೂ ಅವಳು ಜಗಲಿಯ ಆ ತುದಿಯಲ್ಲಿ ಕುಳಿತಿದ್ದಳು.

ನಮ್ಮ ಹಿರಿಯರು ಬೆಕ್ಕಿಗೆ ಒಂದು ವಿಮೆ ಮಾಡಿಸಿಯೇ ಇಟ್ಟಿದ್ದಾರೆ. ಬೆಕ್ಕನ್ನು ಕೊಂದವನು ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕಂತೆ. ನನ್ನ ಅಜ್ಜಿ ಇದನ್ನು ಹೇಳುವಾಗ ಆ ಚಿನ್ನದ ಬೆಕ್ಕಿಗೆ ಮೀಸೆಯೂ ಇರಬೇಕು ಎಂದು ಸೇರಿಸುತ್ತಿದ್ದರು. ಅಷ್ಟು ದೊಡ್ಡ ವಿಮೆ ಮನುಷ್ಯರಿಗೂ ಇಲ್ಲ. ನಾನು ಇದನ್ನೇ ಕಮಲಕ್ಕನಿಗೆ ಹೇಳಿ ಸಮಾಧಾನಪಡಿಸಲು ನೋಡಿದೆ. ಅವರು ನನಗಿಂತ ಒಳ್ಳೆಯ ಏಜೆಂಟರು. “ಅದು ಕೊಂದರೆ ಮಾಸ್ಟ್ರೇ. ಹೊಳೆಯಾಚೆ ಬಿಟ್ಟು ಬಂದರೆ ಅದಕ್ಕೇನುಂಟು?” ಎಂದು ಕೇಳಿದರು. ನಿಜ, ಶಾಸ್ತ್ರದಲ್ಲಿ ಗೋಣಿಯ ಮಾತಿಲ್ಲ.

ಮುಂದಿನ ಶನಿವಾರ ಬಂಟ್ವಾಳಕ್ಕೆ ಹೋದವನು, ಬೇರೆ ಕೆಲಸದ ನಡುವೆ ನಾಚಿಕೆ ಬಿಟ್ಟು ವಿಮೆ ಕಚೇರಿಯ ಇನ್‌ಸ್ಪೆಕ್ಟರರಲ್ಲಿ ಕೇಳಿಯೇಬಿಟ್ಟೆ. ಅವರು ಎಲೆಯಡಿಕೆಯ ಬಾಯನ್ನು ಕಿಟಕಿಯ ಹೊರಗೆ ಖಾಲಿ ಮಾಡಿ ಬಂದು ಕುಳಿತರು.

“ಪ್ರಾಯ ಎಷ್ಟು?”

“ಯಾರದ್ದು?”

“ಬೆಕ್ಕಿನದ್ದು ಮಾರಾಯ್ರೇ. ಪ್ರಾಯಕ್ಕೆ ದಾಖಲೆ ಉಂಟಾ? ಜಾತಕ? ಶಾಲೆಯ ಸರ್ಟಿಫಿಕೇಟು? ನೀವೇ ಮೇಷ್ಟ್ರಲ್ವಾ, ಒಂದು ಬರೆದುಕೊಡಿ.” ಆಮೇಲೆ ನಗೆ ತಡೆಯಲಾರದೆ, “ಎಮ್ಮೆಗೇ ನಮ್ಮಲ್ಲಿ ಇಲ್ಲ, ಬೆಕ್ಕಿಗೆ ಎಲ್ಲಿಂದ ತರುವ? ಮನೆಯಲ್ಲಿ ಅಮ್ಮನಿಗೆ ಹೇಳಿ, ಮುಂದಿನ ಸಲ ಮನುಷ್ಯರನ್ನು ಹುಡುಕಲಿಕ್ಕೆ,” ಎಂದರು. ‘ಅಮ್ಮ’ ಎಂದರೆ ಗಿರಿಜ, ಏಜೆನ್ಸಿ ಅವಳದ್ದಲ್ಲವೇ.

ಹಿಂದಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತವನಿಗೆ ದಾರಿಯ ಬದಿಯ ಒಂದು ಹಿತ್ತಿಲಲ್ಲಿ, ಬುಡಕ್ಕೆ ಗರಿ ಸುತ್ತಿದ ತೆಂಗಿನಮರ ಕಾಣಿಸಿತು. ಊರನ್ನು ಕಾಯುವ ದೈವಕ್ಕೆ ಬಿಟ್ಟ ಮರ. ನಮ್ಮಲ್ಲಿ ಹಾಗೆ ಹರಕೆ ಹೇಳಿಕೊಂಡು ಬಿಟ್ಟ ಮರದ ಕಾಯಿಗೆ ಮನೆಯವರೂ ಕೈ ಹಾಕುವುದಿಲ್ಲ, ಕಳ್ಳನೂ ಹಾಕುವುದಿಲ್ಲ. ನನ್ನ ತಲೆಯಲ್ಲಿ ದೀಪ ಹತ್ತಿದಂತಾಯಿತು. ಮನೆಗೆ ಬಂದವನು ಅಂಗಿಯನ್ನೂ ಕಳಚದೆ ಕಮಲಕ್ಕನನ್ನು ಕರೆಸಿದೆ.

“ತಮ್ಮ ನಿಮಗೆ ಅಂತ ಬಿಟ್ಟ ತೆಂಗಿನಮರ ಒಂದು ಉಂಟಲ್ಲ, ಬಾವಿಯ ಹತ್ತಿರದ್ದು? ಅದನ್ನು ದೈವದ ಎದುರು ಹೇಳಿಕೊಂಡು ಬೆಕ್ಕುಗಳ ಹೆಸರಿಗೆ ಬಿಡುವ. ಬೆಕ್ಕುಗಳನ್ನು ಯಾರು ಸಾಕುತ್ತಾರೋ ಕಾಯಿ ಅವರಿಗೆ. ದೈವದ ಮಾತು ಅಂದಮೇಲೆ ಗೋಣಿಯ ಸುದ್ದಿ ಯಾರೂ ಎತ್ತುವುದಿಲ್ಲ.”

ಕಮಲಕ್ಕ ಕೈಮುಗಿದರು. ಇಷ್ಟು ವರ್ಷ ವಿಮೆ ಮಾರಿದರೂ ಒಬ್ಬರಾದರೂ ನನಗೆ ಕೈಮುಗಿದವರಿಲ್ಲ.

ಸಾಕುವವರು ಯಾರು? ಕಮಲಕ್ಕನ ಹಿತ್ತಿಲ ಗೋಡೆಯಾಚೆ ಐಸಮ್ಮನ ಮನೆ. ಐಸಮ್ಮನ ಗಂಡ, ನಮ್ಮ ಕರಾವಳಿಯ ಮುಸಲ್ಮಾನರಾದ ಬ್ಯಾರಿಗಳು, ಪೇಟೆಯಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದರು. ಐಸಮ್ಮನಿಗೂ ಕಮಲಕ್ಕನಿಗೂ ಗೋಡೆಯ ಮೇಲಿನಿಂದ ಕರಿಬೇವು, ನುಗ್ಗೆಸೊಪ್ಪು, ಊರಿನ ಸುದ್ದಿ ಎಲ್ಲದರ ಕೊಡುಕೊಳ್ಳುವಿಕೆ ಇತ್ತು. ವಿಷಯ ಕೇಳಿ ಐಸಮ್ಮ, “ಕಾಯಿ ಎಂತದಕ್ಕೆ ಕಮಲಕ್ಕಾ? ಎರಡು ಪುಚ್ಚೆ ನಮಗೆ ಭಾರವಾ?” ಎಂದರು. ಆದರೆ ನಾನು ಬಿಡಬೇಕಲ್ಲ! ಕೊಡುವುದು ಕೊಳ್ಳುವುದು ಇಲ್ಲದ ವಿಮೆಗೆ ಬಲವಿಲ್ಲ ಎಂದು ಗೋಡೆಯ ಬಳಿ ನಿಂತು ಉಪನ್ಯಾಸ ಮಾಡಿದೆ. ಐಸಮ್ಮ, ಮೇಷ್ಟರನ್ನು ನಿಲ್ಲಿಸಲು ಬೇರೆ ದಾರಿ ಕಾಣದೆ, ಒಪ್ಪಿಕೊಂಡರು.

ಕಮಲಕ್ಕನದ್ದು ಒಂದೇ ಷರತ್ತು. ಅವರದ್ದು ಒಲೆಗೆ ಮೀನು ಏರದ ಮನೆ. ಬೆಕ್ಕುಗಳೂ ಹುಟ್ಟಿದಂದಿನಿಂದ ಮೊಸರನ್ನದಲ್ಲೇ ಬೆಳೆದವು. “ಅವುಗಳಿಗೆ ಮೊಸರನ್ನವನ್ನೇ ಹಾಕು ಐಸಮ್ಮ, ಮೀನಿನ ಅಭ್ಯಾಸ ಮಾಡಿಸ್ಬೇಡ.”

ಐಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. “ಅಲ್ಲ ಕಮಲಕ್ಕಾ, ಮನೆ ತುಂಬ ಬೂತಾಯಿ, ಬಂಗುಡೆ ಇಟ್ಟುಕೊಂಡು ಬೆಕ್ಕಿಗೆ ಮೊಸರನ್ನ ಹಾಕಿದರೆ ನೋಡಿದವರು ನಮ್ಮನ್ನು ಎಂತ ಹೇಳ್ಲಿಕ್ಕಿಲ್ಲ? ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಅವಕ್ಕೆ ಮರ್ಯಾದೆ ಕಡಿಮೆ ಅಂತ ಆಗ್ಬಾರದಲ್ಲ!”

ಕಮಲಕ್ಕ ನನ್ನ ಮುಖ ನೋಡಿದರು. “ಪ್ರಾಣ ಮುಖ್ಯ, ಊಟ ಆಮೇಲೆ” ಎಂದು ನಾನು ತೀರ್ಪು ಕೊಟ್ಟೆ. ಅದೇ ವಾರ ಅವರ ಚಾವಡಿಯಲ್ಲಿ ದೈವಕ್ಕೆ ದೀಪ ಹಚ್ಚಿ, ತಮ್ಮನನ್ನೂ ಸುನಂದಮ್ಮನನ್ನೂ ನಿಲ್ಲಿಸಿ, ಮರವನ್ನು ಬಿಟ್ಟದ್ದಾಯಿತು. ಸುನಂದಮ್ಮ ಒಂದು ಮಾತೂ ಆಡಲಿಲ್ಲ. ಅದು ನನ್ನ ಜಯವೆಂದೇ ನಾನು ತಿಳಿದೆ. ಕಮಲಕ್ಕ ಬೊಳ್ಳಿಯನ್ನೂ ರಾಯನನ್ನೂ ಗೋಡೆಯ ಮೇಲಿನಿಂದ ಐಸಮ್ಮನ ಕೈಗೆ ಕೊಟ್ಟು, ಮಂಗಳೂರಿನ ಬಸ್ಸು ಹತ್ತಿದರು. ಹತ್ತುವಾಗ ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ನಾನು ಗಿರಿಜೆಗೆ ಹೇಳಿದೆ: “ನೋಡು, ವಿಮೆ ಅಂದರೆ ಇದು.”

ನಾನು ಎಲ್ಲ ಅಪಾಯಗಳನ್ನೂ ಯೋಚಿಸಿದ್ದೆ. ಗೋಣಿ, ಬಸ್ಸು, ಹೊಳೆ, ಕಾಯಿ ಕದಿಯುವವರು, ತಮ್ಮನ ಮನಸ್ಸು ಬದಲಾಗುವುದು, ಎಲ್ಲ. ಒಂದನ್ನು ಮಾತ್ರ ಯೋಚಿಸಿರಲಿಲ್ಲ. ಕಮಲಕ್ಕ ಬದುಕಿ ಬಂದರು.

ಮಳೆಗಾಲ ಹಿಡಿಯುವ ಮೊದಲು ಹೋದವರು ಕೆಸುವಿನ ಎಲೆ ಅಗಲವಾಗುವ ಹೊತ್ತಿಗೆ ತಿರುಗಿ ಬಂದರು. ಸ್ವಲ್ಪ ಸೋತಿದ್ದರು, ಆದರೆ ಬಸ್ಸಿನಿಂದ ಇಳಿದವರು ಮನೆಯ ಮೆಟ್ಟಿಲನ್ನೂ ಹತ್ತದೆ ನೇರ ಹಿತ್ತಿಲ ಗೋಡೆಯ ಬಳಿಗೆ ಹೋಗಿ, “ಬೊಳ್ಳೀ, ರಾಯಾ” ಎಂದು ಕರೆದರು. ನಾವೆಲ್ಲ ನೋಡುತ್ತಾ ನಿಂತಿದ್ದೆವು. ಬೆಕ್ಕುಗಳು ಬಂದವು. ಮೈತುಂಬಿ, ಮಿರಮಿರ ಮಿಂಚುತ್ತಾ, ಗೋಡೆಯ ಮೇಲೆ ಕುಳಿತವು. ರಾಯನಂತೂ ಹೆಸರಿಗೆ ತಕ್ಕ ಹಾಗೆ ಆಗಿದ್ದ. ಕಮಲಕ್ಕನನ್ನು ನೋಡಿದವು, ಕೈಯನ್ನು ಮೂಸಿದವು. ಕೈಯಲ್ಲಿ ಆಸ್ಪತ್ರೆಯ ವಾಸನೆ ಇದ್ದಿರಬೇಕು. ಆಚೆ ಐಸಮ್ಮ ಮೀನು ಕೊಯ್ಯುವ ಕತ್ತಿಯನ್ನು ಕಲ್ಲಿಗೆ ತಾಗಿಸಿದ ಸದ್ದಾಯಿತು. ಎರಡೂ ಆಚೆಗೆ ಹಾರಿದವು.

ಐಸಮ್ಮನಿಗೆ ಅಳು ಬರುವುದೊಂದು ಬಾಕಿ. ಬೆಕ್ಕುಗಳನ್ನು ಬುಟ್ಟಿಯಲ್ಲಿ ಹಾಕಿ ತಂದು ಕೊಟ್ಟರು. ಮೊಸರನ್ನವನ್ನು ನೆಕ್ಕಿಯೂ ನೋಡದೆ ಅವು ಮತ್ತೆ ಗೋಡೆ ಹಾರಿದವು. ಹಾಗಾದರೆ ಇಲ್ಲಿಯೂ ಮೀನು ಹಾಕುವುದಿಲ್ಲ ಎಂದು ಐಸಮ್ಮ ಹಟ ಹಿಡಿದರು. ಬೆಕ್ಕುಗಳು ಊರೆಲ್ಲ ಕೇಳುವ ಹಾಗೆ ಕೂಗಿದವು. ಕಮಲಕ್ಕನೇ ಗೋಡೆಯ ಬಳಿ ಹೋಗಿ, “ಬೇಡ ಐಸಮ್ಮ, ಉಪವಾಸ ಹಾಕ್ಬೇಡ. ಎಲ್ಲಿದ್ದರೂ ಹೊಟ್ಟೆ ತುಂಬಿರ್ಲಿ,” ಎಂದರು. ಮರವನ್ನು ಹಿಂದೆ ತೆಗೆದುಕೊಳ್ಳಿ ಎಂದು ಐಸಮ್ಮ ಹೇಳಿದರೆ, “ಹೇಳಿಕೊಂಡದ್ದನ್ನು ಹಿಂದೆ ತೆಗೆಯುವುದುಂಟಾ?” ಎಂದು ಅವರೇ ಗದರಿಸಿದರು. ಕಾಯಿ ಕೊಯ್ದಾಗಲೆಲ್ಲ ಅದು ಗೋಡೆಯಾಚೆ ಹೋಗುತ್ತಲೇ ಇತ್ತು.

ಅದೆಲ್ಲ ಇರಲಿ. ನನ್ನನ್ನು ಚುಚ್ಚಿದ್ದು ಸುನಂದಮ್ಮನ ಮಾತು. ಒಂದು ದಿನ ನಮ್ಮಲ್ಲಿಗೆ ಒಗ್ಗರಣೆಗೆ ಸಾಸಿವೆ ಕೇಳಲು ಬಂದವರು ಗಿರಿಜೆಯ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ್ದು ನನಗೂ ಕೇಳಿತು. “ಗೋಣಿ ಗೋಣಿ ಅಂತ ನಾನು ಬಾಯಿಗೆ ಬಂದ ಹಾಗೆ ಹೇಳುವುದು, ಅಮ್ಮ. ಹತ್ತು ವರ್ಷದಿಂದ ಹೇಳ್ತಾ ಇದ್ದೇನೆ, ಒಂದು ದಿನ ಕಟ್ಟಿದ್ದೇನಾ? ಅತ್ತಿಗೆ ಆಸ್ಪತ್ರೆಗೆ ಹೋದ ಮೇಲೆ ಆ ಅಡುಗೆಮನೆಯಲ್ಲಿ ನನಗೆ ಗದರಲಿಕ್ಕೂ ಯಾರೂ ಇರ್ಲಿಲ್ಲ. ನಾನೇ ಹಾಲು ಇಟ್ಟು ಕರೆದೆ. ಅವು ಬರ್ಲಿಲ್ಲ. ಮಾಸ್ಟ್ರು ಏನೋ ದೊಡ್ಡ ಉಪಕಾರ ಮಾಡುವ ಅಂತ ಹೊರಟರು. ನನ್ನನ್ನು ಒಂದು ಮಾತು ಕೇಳಬಹುದಿತ್ತು.”

ಕೇಳಬಹುದಿತ್ತು. ಬಂಟ್ವಾಳದವರೆಗೆ ಹೋಗಿ ಕೇಳಿದ ನಾನು ಬೇಲಿಯಾಚೆ ಕೇಳಲಿಲ್ಲ. ಇಲ್ಲದ ಗೋಣಿಗೆ ಹೆದರಿ ಬೆಕ್ಕುಗಳನ್ನು ಎಷ್ಟು ಭದ್ರ ಮಾಡಿದೆನೆಂದರೆ, ಅವುಗಳನ್ನು ಸಾಕಿದವರಿಗೇ ಅವು ಸಿಕ್ಕದ ಹಾಗಾಯಿತು. ಇಂಥ ಪಾಲಿಸಿಯನ್ನು ಯಾವ ಕಂಪೆನಿಯೂ ಮಾರಿರಲಿಕ್ಕಿಲ್ಲ. ಇದಾದ ಮೇಲೆ ಯಾರದಾದರೂ ಜಗಲಿಯಲ್ಲಿ ಕುಳಿತು, “ನಾಳೆ ನಿಮಗೆ ಏನಾದರೂ ಆದರೆ...” ಎಂದು ಮೊದಲು ಮಾಡುವಾಗ ನನ್ನ ನಾಲಗೆ ತಡವರಿಸುತ್ತಿತ್ತು. ಏನೂ ಆಗದೆ ಇದ್ದರೆ ಏನು ಮಾಡುವುದೆಂದು ವಿಮೆ ಕಚೇರಿಯವರು ಕೊಟ್ಟ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಗಿರಿಜೆಯ ಒಳ್ಳೆಯ ಹೆಸರು ಬಂಟ್ವಾಳದಲ್ಲಿ ಕ್ರಮೇಣ ಕೆಟ್ಟಿತು.

ಮಳೆ ಹೊಳವಾಗಿ ಬಿಸಿಲು ಬಂದ ಮೇಲೆ ಒಂದು ಆದಿತ್ಯವಾರ ಕಮಲಕ್ಕ ನಮ್ಮ ಹಿತ್ತಿಲ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ತುಂಡು ಬಾಳೆಲೆ. ಗಿರಿಜ ಮೀನು ಕೊಯ್ಯುತ್ತಿದ್ದಳು.

“ಗಿರಿಜಾ, ಎರಡು ತಲೆ ಇದರಲ್ಲಿ ಹಾಕು,” ಎಂದರು, ಮುಖವನ್ನು ಆಚೆ ತಿರುಗಿಸಿಕೊಂಡು.

ಗಿರಿಜ ನನ್ನನ್ನು ನೋಡಿದಳು, ಎರಡು ತಲೆ ಆರಿಸಿ ಎಲೆಗೆ ಹಾಕಿದಳು. ಕಮಲಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, ಎಲೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ತೋಳನ್ನು ಆದಷ್ಟು ದೂರ ಚಾಚಿಕೊಂಡು ತಮ್ಮ ಹಿತ್ತಿಲ ಗೋಡೆಯವರೆಗೆ ನಡೆದರು. ನಾನು ಹಿಂದಿನಿಂದ ಹೋಗಿ ಏನಾದರೂ ಸಹಾಯ ಬೇಕೇ ಎಂದು ಕೇಳಿದೆ. “ನೀವು ಒಳಗೆ ಹೋಗಿ ಮಾಸ್ಟ್ರೇ. ನೀವು ಮಾಡಿದ್ದು ಸಾಕು,” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಅದೇ ಕಷ್ಟವಾದದ್ದು.

ನಾನು ಒಳಗೆ ಹೋಗಿ ಕಿಟಕಿಯಲ್ಲಿ ನಿಂತೆ. ಅವರು ಎಲೆಯನ್ನು ಕಲ್ಲಿನ ಮೇಲಿಟ್ಟು ಕರೆದರು. ಬೊಳ್ಳಿ ಬಂತು, ತಿಂದಿತು, ಒಂದು ಸಲ ಅವರ ಸೆರಗಿಗೆ ಬೆನ್ನು ತಾಗಿಸಿತು, ಗೋಡೆ ಹಾರಿ ಹೋಯಿತು. ಕಮಲಕ್ಕ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡರು.

ಮರುದಿನ ಅದೇ ಹೊತ್ತಿಗೆ ಬಾಳೆಲೆ ಹಿಡಿದುಕೊಂಡು ಮತ್ತೆ ಬಂದರು.