ಒಂದು ಕಾರಿನಷ್ಟು ಜಾಗ

ಬೀದಿಯ ತುದಿಯಲ್ಲಿ ‘ಪರ್ಮಿಟ್ ಇರುವ ನಿವಾಸಿಗಳ ವಾಹನಗಳಿಗೆ ಮಾತ್ರ’ ಎಂಬ ಬೋರ್ಡು ನೆಟ್ಟ ಮೇಲೆ ರೇಡಿಯೋ ಮಾವನ ಅಂಗಡಿಗೆ ಹೊರಗಿನ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಅವರು ರಿಪೇರಿ ಮಾಡುತ್ತಿದ್ದುದು ಹಳೆಯ ವಾಲ್ವ್ ರೇಡಿಯೋಗಳನ್ನು. ಒಂದೊಂದೂ ಹೊಟ್ಟೆತುಂಬ ಮೇದ ಕರುವಿನಷ್ಟು ಭಾರ. ಬಾಗಿಲಿಗೆ ಕಾರು ಬರದಿದ್ದರೆ ರೇಡಿಯೋ ಕೂಡ ಬರುವುದಿಲ್ಲ.

“ಇನ್ನೊಂದು ತಿಂಗಳು ಹೀಗೇ ಆದ್ರೆ ಅಂಗಡಿಗೆ ಬೀಗ ಹಾಕಿ ಮನೇಲಿ ಕೂತ್ಕೋತೀನಿ,” ಅಂದರು ಮಾವ.

“ಅದೊಂದು ಬೇಡಿ,” ಅಂದರು ಹೆಂಡತಿ. “ಒಂದು ಭಾನುವಾರ ಕೂತಿದ್ದಕ್ಕೇ ಫ್ಯಾನು ಬಿಚ್ಚಿ ಹರವಿಟ್ಟಿದ್ದೀರಿ. ದಿನಾ ಕೂತ್ರೆ ಗೋಡೆನೂ ಉಳಿಯಲ್ಲ.”

ನಗರಸಭೆಯಲ್ಲಿ ಒಂದು ದಾರಿಯಿತ್ತು. ಬೀದಿಯ ಹತ್ತು ಮನೆಯವರು ಒಪ್ಪಿ ಸಹಿ ಹಾಕಿದರೆ, ಅಂಗಡಿಯ ಮುಂದೆ ಒಂದು ಕಾರಿನಷ್ಟು ಜಾಗವನ್ನು ಗಿರಾಕಿಗಳಿಗೆ ಬಿಟ್ಟುಕೊಡಬಹುದು. ಅರ್ಜಿಗೆ ಕೊನೆಯ ದಿನ ಇವತ್ತೇ, ಸಂಜೆ ಐದರೊಳಗೆ.

ಬೋರ್ಡು ಹಾಕಿಸಿದ್ದೇ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಮಾವ ಅಳುಕುತ್ತಲೇ ಅವರ ಬಾಗಿಲು ತಟ್ಟಿದರು.

“ಪೇಟೆಗೆ ಬಂದೋರೆಲ್ಲ ನನ್ನ ಗೇಟಿಗೇ ಗಾಡಿ ಅಡ್ಡ ಇಡ್ತಿದ್ರು ಕಣಯ್ಯಾ. ಮಗಳಿಗೆ ಹೆರಿಗೆನೋವು ಬಂದ ದಿನ ಕಾರು ಆಚೆ ತೆಗೆಯೋಕೆ ಅರ್ಧ ಗಂಟೆ ಹಿಡೀತು. ಅದಕ್ಕೇ ಬೋರ್ಡು. ನಿನ್ನ ಮೇಲೆ ನಂಗೇನು ಸಿಟ್ಟು? ತಾ ಇಲ್ಲಿ.”

ಬರೀ ಸಹಿ ಹಾಕಿದ್ದರೆ ಸಾಕಿತ್ತು. ಆದರೆ ಅರ್ಜಿಯಲ್ಲಿ ‘ಷರಾ’ ಎಂಬ ಖಾಲಿ ಕಾಲಂ ಇತ್ತು. ಮೂವತ್ತೈದು ವರ್ಷ ಫಾರಂ ತುಂಬಿದ ಕೈ ಖಾಲಿ ಕಾಲಂ ಕಂಡು ಸುಮ್ಮನಿದ್ದೀತೇ? ‘ನಮ್ಮ ಮದುವೆಯ ವರ್ಷ ಕೊಂಡ ರೇಡಿಯೋ. ಏಳು ಸಲ ಕೆಟ್ಟಿತು, ಏಳು ಸಲವೂ ಇವರೇ ಬದುಕಿಸಿದರು’ ಎಂದು ಬರೆದರು. ಬರೆದ ಮೇಲೆ ಆ ರೇಡಿಯೋ ಹಚ್ಚದಿರಲು ಆಗಲಿಲ್ಲ. ವಾಲ್ವುಗಳು ನಿಧಾನವಾಗಿ ಕೆಂಪಾದವು. ಬಿಸಿಯಾದ ಧೂಳಿನ ಆ ಹಳೆಯ ವಾಸನೆ ಕೋಣೆಗೆ ಹರಡಿತು. ಅರ್ಧ ನಿಮಿಷದ ಮೇಲೆ ದನಿ ಬಂತು. ಕಾಯುವುದೂ ಹಾಡಿನ ಒಂದು ಭಾಗವೇ ಆಗಿದ್ದ ಕಾಲದ್ದು ಅದು. ಬೆಳಗಿನ ಹನ್ನೊಂದರ ತನಕ ಇಬ್ಬರೂ ಏಳಲಿಲ್ಲ.

ಮೂಲೆಮನೆಯ ಅಜ್ಜಿ ಆ ಷರಾ ಓದಿಸಿಕೊಂಡು ಮೂತಿ ತಿರುವಿದರು.

“ಏಳು ಸಲವಂತೆ, ಏಳು ಸಲ! ನಂದು ಹನ್ನೊಂದು ಸಲ, ಬರ್ಕೊಳ್ಳೋ. ನಮ್ಮೆಜಮಾನ್ರು ತೀರ್ಕೊಂಡ ಮೇಲೆ ಈ ಮನೇಲಿ ಮಾತಾಡ್ತಿದ್ದಿದ್ದು ಅದೊಂದೇ. ಅದು ಕೆಟ್ಟ ದಿನವೇ ನೀನು ಬಂದು ಸರಿಮಾಡ್ತಿದ್ದೆ. ಅದನ್ನೂ ಬರಿ.”

ಮಾವ ಬರೆಯುತ್ತ ಬರೆಯುತ್ತ ಮೂಗು ಒರೆಸಿಕೊಂಡರು.

ಅಲ್ಲಿಂದ ಪೈಪೋಟಿ ಹತ್ತಿತು. ಪ್ರತಿ ಮನೆಯವರೂ ಹಿಂದಿನವರ ಷರಾ ಓದಿ, ತಮ್ಮದಕ್ಕೆ ಇನ್ನೊಂದು ಹಾಳೆ ಕೇಳಿದರು. ಕೊನೆಗೆ ಹತ್ತನೆಯ ಮನೆಯ ವಕೀಲರು, “ಇದೆಲ್ಲ ಬಾಯಿಮಾತು, ಸಾಕ್ಷಿ ಎಲ್ಲಿ?” ಎಂದು ಅಟ್ಟ ಹತ್ತಿ ಒಂದು ಫೋಟೋ ತಂದು ಗುಂಡುಸೂಜಿ ಚುಚ್ಚಿದರು. ಹರೆಯದ ಮಾವ, ಭುಜದ ಮೇಲೆ ವಕೀಲರ ಮನೆಯ ರೇಡಿಯೋ, ಹಿಂದೆ ಒಂದೂ ಕಾರಿಲ್ಲದ ಅಗಲವಾದ ಬೀದಿ.

ಒಂದು ಹಾಳೆಯ ಅರ್ಜಿ ಹದಿನಾಲ್ಕಾಗಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಮಾವ ಏದುಸಿರು ಬಿಡುತ್ತ ನಗರಸಭೆ ಮುಟ್ಟಿದರು.

ಅಧಿಕಾರಿ ಒಂದಕ್ಷರ ಬಿಡದೆ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಮೊಹರೆತ್ತಿ ಒತ್ತಿದರು: ‘ತಿರಸ್ಕರಿಸಲಾಗಿದೆ’.

“ಯಾಕೆ ಸ್ವಾಮಿ?”

“ಹತ್ತಕ್ಕೆ ಹತ್ತೂ ನಿಮ್ಮ ಬೀದಿಯ ಗಿರಾಕಿಗಳೇ. ನಡ್ಕೊಂಡು ಬರೋ ದೂರ. ಅದೂ ರೇಡಿಯೋನ ನೀವೇ ಹೊತ್ಕೊಂಡು ಹೋಗ್ತೀರಿ, ಫೋಟೋನೇ ಇದೆ! ಕಾರಿನ ಜಾಗ ಯಾರಿಗೆ?”

“ಹೊರಗಿನೋರಿಗೆ!”

“ಹೊರಗಿನೋರು ಬರ್ತಾರೆ ಅಂತ ಇದ್ರಲ್ಲಿ ಎಲ್ಲಿದೆ, ತೋರಿಸಿ.”

ಮಾವ ಹದಿನಾಲ್ಕೂ ಹಾಳೆ ತಿರುವಿದರು. ಪ್ರೀತಿ ಇತ್ತು, ಮದುವೆ ಇತ್ತು, ಸಾವೂ ಇತ್ತು. ಹೊರಗಿನವರು ಮಾತ್ರ ಎಲ್ಲೂ ಇರಲಿಲ್ಲ.

ಅವರು ಎದ್ದು ಹೊರಟಾಗ ಅಧಿಕಾರಿ ದನಿ ತಗ್ಗಿಸಿ ಕರೆದರು.

“ನಮ್ಮಪ್ಪನ ಕಾಲದ ರೇಡಿಯೋ ಒಂದು ಮೂರು ವರ್ಷದಿಂದ ಮೂಕ ಆಗಿದೆ. ಇದನ್ನೋದಿ ಆಸೆ ಹುಟ್ಟಿತು ನೋಡಿ. ನಾಳೆನೇ ಕಾರಲ್ಲಿ ಹಾಕ್ಕೊಂಡು ಬಂದ್ಬಿಡ್ತಿದ್ದೆ.” ಅವರು ನಿಟ್ಟುಸಿರಿಟ್ಟರು. “ಏನ್ಮಾಡೋದು, ನಿಮ್ಮ ಬೀದೀಲಿ ಕಾರು ನಿಲ್ಲಿಸೋ ಹಾಗಿಲ್ವಲ್ಲ!”