ಸಾಹೇಬರಿಗಿಲ್ಲದ ತಂಗಿ

ಸಾಹೇಬರ ಆತ್ಮಕಥೆಯನ್ನು ಬರೆದುಕೊಟ್ಟವನು ತಾನೇ ಎಂದು ಗುಮಾಸ್ತ ಯಾರಿಗೂ ಹೇಳಕೂಡದಿತ್ತು. ಹೆಂಡತಿಗೆ ಮಾತ್ರ ಹೇಳಿದ. ಅವಳು ಪಕ್ಕದ ಮನೆಯಾಕೆಗೆ ಮಾತ್ರ ಹೇಳಿದಳು. ಆಕೆಯ ಗಂಡ ಇದೇ ಕಚೇರಿಯ ಸ್ಟೋರ್‌ಕೀಪರ್.

ಪುಸ್ತಕದ ಬಿಡುಗಡೆ ಸಂಜೆಗಿತ್ತು. ಪ್ರತಿಗಳು ಮೊದಲೇ ಹಂಚಿಹೋಗಿದ್ದವು. ಬೆಳಿಗ್ಗೆ ಕಚೇರಿಗೆ ಕಚೇರಿಯೇ ಗುಮಾಸ್ತನ ಮೇಜಿಗೆ ಮುತ್ತಿಕೊಂಡಿತು.

"ಆ ತಂಗಿಯ ಅಧ್ಯಾಯ ಓದಿ ಅತ್ತುಬಿಟ್ಟೆ ಕಣಯ್ಯ," ಎಂದ ಸ್ಟೋರ್‌ಕೀಪರ್. "ನಮ್ಮಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ."

ಯಾವ ತಂಗಿ ಎಂದು ಗುಮಾಸ್ತನಿಗೆ ಹೊಳೆಯಲಿಲ್ಲ. ಅಚ್ಚಾದ ಪುಸ್ತಕವನ್ನು ಅವನು ತೆರೆದೇ ಇರಲಿಲ್ಲ. ಬರೆದದ್ದನ್ನು ತಾನೇ ಓದುವುದು ಸಣ್ಣವರ ಕೆಲಸವೆಂದು ಅವನ ನಂಬಿಕೆ. ಎದೆ ಮಾತ್ರ ಗಾಳಿ ತುಂಬಿದ ಟ್ಯೂಬಿನಂತಾಯಿತು.

"ಬರೆಯುವಾಗ ನನಗೂ ಕೈ ನಡುಗಿತ್ತು," ಎಂದ.

"ಮತ್ತೆ ಹೆಸರಿಲ್ಲದೆ ಬಿಡ್ತೀಯಾ? ಇವತ್ತು ಸಭೆಯಲ್ಲಿ ಹೇಳಿಸು. ನಡಿ ಒಳಗೆ," ಎಂದು ಎಲ್ಲರೂ ಸೇರಿ ಅವನನ್ನು ಸಾಹೇಬರ ಕೋಣೆಗೆ ನೂಕಿದರು.

ಸಾಹೇಬರು ಸಿಟ್ಟಾಗಲಿಲ್ಲ. "ಧಾರಾಳವಾಗಿ ಹೇಳೋಣ. ಬೆಳಿಗ್ಗೆಯಿಂದ ಹತ್ತು ಜನ ತಂಗಿ ಹೇಗಿದ್ದಾಳೆ ಅಂತ ಕೇಳಿದರು. ಅಲ್ಲಾರೀ, ನನಗೆ ತಂಗಿಯೇ ಇಲ್ಲವಲ್ಲ?"

ಗುಮಾಸ್ತ ಅಂಗಿಯ ಗುಂಡಿ ಸರಿಮಾಡಿಕೊಂಡ.

"ನಾನೂ ಅಚ್ಚಾದಮೇಲೇ ಓದಿದ್ದು," ಎಂದರು ಸಾಹೇಬರು. "ಆ ಪುಸ್ತಕದ ಮನುಷ್ಯ ನನಗಿಂತ ಒಳ್ಳೆಯವನು. ನೆನ್ನೆ ಆ ಹುಡುಗಿಗೆ ಕಾಗದ ಬರೆಯೋಣ ಅಂತ ಕೂತುಬಿಟ್ಟಿದ್ದೆ."

"ಕಲ್ಪನೆ ಸಾರ್," ಎಂದ ಗುಮಾಸ್ತ, ತಗ್ಗಿದ ದನಿಯಲ್ಲಿ. "ನನ್ನ ಕಲ್ಪನೆ."

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಹೆಂಡತಿ ಮೊದಲ ಸಾಲಿನಲ್ಲಿ, ಸುತ್ತ ಅಕ್ಕಪಕ್ಕದ ಮನೆಯವರು. ಸಾಹೇಬರು ಮೈಕ್ ಹಿಡಿದರು. "ಇದರಲ್ಲಿ ಒಂದಕ್ಷರವೂ ನನ್ನದಲ್ಲ. ಬರೆದವರು ನಮ್ಮ ಗುಮಾಸ್ತರು. ತಂಗಿಯ ಅಧ್ಯಾಯವನ್ನು ಅವರೇ ಓದಲಿ."

ಚಪ್ಪಾಳೆಯ ನಡುವೆ ಗುಮಾಸ್ತ ಮೈಕ್ ಈಸಿಕೊಂಡು ಪುಸ್ತಕ ತೆರೆದ. ಮೊದಲ ಪುಟದ ಸಾಲು ಅವನದಲ್ಲ. ಹತ್ತನೆಯದೂ ಅಲ್ಲ. ಜಾತ್ರೆಯಲ್ಲಿ ಮಗು ಕಳೆದುಕೊಂಡವನಂತೆ ಪುಟದಿಂದ ಪುಟಕ್ಕೆ ಓಡಿದ. ಅವನದೆನ್ನುವ ಒಂದು ವಾಕ್ಯವೂ ಸಿಗಲಿಲ್ಲ.

ಕೊನೆಯ ಸಾಲಿನಿಂದ, ಅವನ ಕೈಬರಹವನ್ನು ಟೈಪು ಮಾಡಿಕೊಟ್ಟಿದ್ದ ಕಚೇರಿಯ ಬೆರಳಚ್ಚಿನಾಕೆ ಎದ್ದು ವೇದಿಕೆಗೆ ಬಂದಳು. ಅವನ ಕಿವಿಯಲ್ಲಿ ಪಿಸುಗುಟ್ಟಿದಳು. ನಡುವೆ ಮೈಕ್ ಇದ್ದದ್ದರಿಂದ ಊರಿಗೇ ಕೇಳಿಸಿತು.

"ಬೇಜಾರು ಮಾಡ್ಕೋಬೇಡಿ ಅಣ್ಣ. ನಿಮ್ಮ ಕೈಬರಹದಲ್ಲಿ ಸಾಹೇಬರು ಹುಟ್ಟಿದ ತಾರೀಖೊಂದೇ ಓದಕ್ಕಾಗಿದ್ದು. ಕೇಳಿದರೆ ನೊಂದ್ಕೋತೀರಿ ಅಂತ ಉಳಿದದ್ದೆಲ್ಲ ನಾನೇ ಬರೆದುಬಿಟ್ಟೆ. ಆ ಅಧ್ಯಾಯ ನನ್ನದೇ ಕಥೆ. ಆ ತಂಗಿ ನಾನೇ."

ಸಭೆ ಎದ್ದು ನಿಂತಿತು. ಅವಳು ತಲೆಯೆತ್ತಿ, ಒಂದು ಕಡೆಯೂ ತಡವರಿಸದೆ ಇಡೀ ಅಧ್ಯಾಯ ಓದಿದಳು. ಅಷ್ಟು ಹೊತ್ತೂ ಮೈಕ್ ಹಿಡಿದು ನಿಂತಿದ್ದವನು ಗುಮಾಸ್ತ.

ಮನೆಯ ದಾರಿಯಲ್ಲಿ ಹೆಂಡತಿ ಕೇಳಿದಳು, "ಕೈ ನೋವಾಯ್ತೇನ್ರೀ?"

ಗುಮಾಸ್ತ ಬೆನ್ನು ನೆಟ್ಟಗೆ ಮಾಡಿಕೊಂಡ. "ಒಂದು ಸಲವಾದರೂ ಅಲುಗಿಸಿದೆನಾ, ನೀನೇ ಹೇಳು."